ಕೊನೆಯ ಹದಿನಾರು ಪುಟ

ಲೆಂಪಿ ವೀಟಲಾ ಎಂಬ ಹೆಂಗಸಿಗೆ ಒಂದು ಜಂಬವಿತ್ತು. ಇರಲಿ ಬಿಡಿ, ಇಪ್ಪತ್ತಾರು ವರ್ಷ ಒಂದೇ ಪತ್ರಿಕೆಯಲ್ಲಿ ವಾರಕ್ಕೊಂದರಂತೆ ಪುಸ್ತಕ ವಿಮರ್ಶೆ ಬರೆದವಳಿಗೆ ಅಷ್ಟೂ ಜಂಬವಿಲ್ಲದಿದ್ದರೆ ಹೇಗೆ? ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ ಅವಳ ಅಂಕಣದ ಕೆಳಗೆ ಅದೇ ಒಂದು ಸಾಲು ಬರುತ್ತಿತ್ತು: 'ಕೊನೆಯ ಪುಟದ ಕೊನೆಯ ಚುಕ್ಕೆಯವರೆಗೆ ಓದದ ಯಾವ ಪುಸ್ತಕದ ಬಗ್ಗೆಯೂ ಈ ವರ್ಷ ನಾನು ಬರೆದಿಲ್ಲ.' ಅಮೆರಿಕದ ಒಂದು ದೊಡ್ಡ ಸರೋವರದ ದಡದ ಬಂದರು ಊರು ಡುಲೂತ್, ಅಲ್ಲಿನವರು ಅದನ್ನು ಓದಿ ನಗುತ್ತಿದ್ದರು, ನಂಬುತ್ತಲೂ ಇದ್ದರು.

ಅವಳ ತಾಯಿ ಬಂದರಿನ ಪಕ್ಕದ ಬೀದಿಯಲ್ಲಿ ಫಿನ್ನಿಷ್ ಕೂಲಿಗಳಿಗೆ ಊಟ ಹಾಕಿ ಮಲಗಲು ಮಂಚ ಕೊಡುವ ಮನೆ ನಡೆಸುತ್ತಿದ್ದಳು. ಓದು ಬಾರದ ಆ ಗಂಡಸರಿಗೆ ಪತ್ರಿಕೆಯ ಧಾರಾವಾಹಿ ಓದಿ ಹೇಳುವ ಕೆಲಸ ಒಂಬತ್ತು ವರ್ಷದ ಲೆಂಪಿಯದು. ಮರುದಿನ ಹಡಗು ಹತ್ತಬೇಕಾದವರು ಗೋಗರೆಯುತ್ತಿದ್ದರು: "ಕೊನೇಗೆ ಏನಾಗುತ್ತೆ, ಅದೊಂದು ಹೇಳ್ಬಿಡೇ ಪುಟ್ಟಿ. ನಾನು ಬರೋದು ಇನ್ನು ಎರಡು ತಿಂಗಳಿಗೆ." ಕೊನೆ ಏನೆಂದು ಅವಳಿಗೂ ಗೊತ್ತಿರುತ್ತಿರಲಿಲ್ಲ. ತಾನೇ ಕಟ್ಟಿ ಹೇಳುತ್ತಿದ್ದಳು. ಅವಳ ಕಾದಂಬರಿಗಾರಿಕೆ ಶುರುವಾದದ್ದು ಅಲ್ಲಿಂದಲೇ. ದೊಡ್ಡವಳಾದ ಮೇಲೆ ಎರಡು ಕಾದಂಬರಿ ಅಚ್ಚಾದವು, ಒಳ್ಳೆಯ ಹೆಸರೂ ಬಂತು. ಮೂರನೆಯದು ಅರ್ಧಕ್ಕೆ ನಿಂತು ಅಡುಗೆಮನೆಯ ಡ್ರಾಯರ್ ಸೇರಿತು.

ಗಂಡ ಆರ್ವೊ ಅದಿರು ಕಟ್ಟೆಯಲ್ಲಿ ದುಡಿಯುತ್ತಿದ್ದ. ಗಣಿಯಿಂದ ರೈಲಿನಲ್ಲಿ ಬಂದ ಕಬ್ಬಿಣದ ಅದಿರನ್ನು ಹಡಗಿನ ಹೊಟ್ಟೆಗೆ ಸುರಿಸುವ ಕೆಲಸ. ಮಾತು ಕಡಿಮೆ. ಕೋಪ ಬಂದರಂತೂ ಬಾಯಿಗೆ ಬೀಗ. ಆದರೆ ಅವನಿಗೊಂದು ಅಭ್ಯಾಸವಿತ್ತು. ಜಗಳವಾಡಿ ಹೋದ ದಿನ ಅವನು ಊಟದ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. ಸಂಜೆ ಬಂದು, ಅವಳು ಕಟ್ಟಿಕೊಟ್ಟ ರೈ ರೊಟ್ಟಿಯ ಸ್ಯಾಂಡ್‌ವಿಚ್ಚನ್ನು ಮೇಣದ ಕಾಗದದ ಸಮೇತ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದ. ಕೋಪವಿಲ್ಲದ ದಿನ ಪೂರ್ತಿ ತಿಂದು, ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮರುದಿನಕ್ಕೆ ಬೇಕಲ್ಲ ಎಂದು ಡಬ್ಬಿಯಲ್ಲೇ ತರುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಲೆಂಪಿ ಅವನ ಮನಸ್ಸನ್ನು ಓದಿದ್ದು ಆ ಡಬ್ಬಿಯಲ್ಲಿ.

ಸಾವಿರದ ಒಂಬೈನೂರ ಎಪ್ಪತ್ತೇಳರ ನವೆಂಬರಿನ ಒಂದು ಬೆಳಿಗ್ಗೆ ಅವಳು ಯಾರದ್ದೋ ಪುಸ್ತಕಕ್ಕೆ ಮೂಗು ತಗುಲಿಸಿಕೊಂಡು ಕೂತಿದ್ದಳು. ಆರ್ವೊ ಬೂಟಿನ ದಾರ ಕಟ್ಟುತ್ತ ಕೇಳಿದ:

"ಲೆಂಪಿ, ಊರೋರ ಪುಸ್ತಕಾನೆಲ್ಲ ಕೊನೇ ಚುಕ್ಕೆವರೆಗೂ ಓದ್ತೀಯ. ನಿಂದೇ ಪುಸ್ತಕ ಡ್ರಾಯರ್‌ನಲ್ಲಿ ಹನ್ನೊಂದು ವರ್ಷದಿಂದ ಬಿದ್ದಿದೆಯಲ್ಲೇ. ಅದಕ್ಕೆ ಯಾವಾಗ ಚುಕ್ಕೆ ಇಡ್ತೀಯ?"

ಕೆಟ್ಟ ಮಾತೇನಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೆಂಪಿಗೆ ಚುರುಕ್ಕೆಂದಿತು. ತಲೆ ಎತ್ತದೆಯೇ ಹೇಳಿದಳು: "ಅದಿರು ಸುರಿಯೋನಿಗೆ ಪುಸ್ತಕದ ಉಸಾಬರಿ ಯಾಕೆ?"

"ಸರಿ ಬಿಡು," ಅಂದ ಆರ್ವೊ. ಡಬ್ಬಿ ಎತ್ತಿಕೊಂಡು ಹೊರಟ. ಬಾಗಿಲು ಹಾಕಿದ ಸದ್ದಾಯಿತು. ಅವಳು ಪುಟ ತಿರುಗಿಸಿದಳು.

ಅಂದು ಕಟ್ಟೆಯ ಮೇಲೆ ಅವನ ಎದೆಬಡಿತ ನಿಂತುಹೋಯಿತು. ಅಲ್ಲಿ ಊಟಕ್ಕೆ ಇಂಥದ್ದೇ ಹೊತ್ತು ಎಂದಿಲ್ಲ, ಹಡಗು ಬಿಡುವು ಕೊಟ್ಟಾಗ ಒಬ್ಬೊಬ್ಬರೇ ಒಂದು ಮೂಲೆಯಲ್ಲಿ ಕೂತು ತಿನ್ನುವುದು. ಮೇಸ್ತ್ರಿ ಸಂಜೆ ಮನೆಗೆ ಬಂದು ಟೋಪಿ ತೆಗೆದು ನಿಂತ. "ಹನ್ನೆರಡು ಒಂದರ ಮಧ್ಯೆ ಆಗಿರ್ಬೇಕು ಲೆಂಪಿ. ನೋಡ್ದೋರು ಯಾರೂ ಇಲ್ಲ. ಇದು ಅವನ ಡಬ್ಬಿ, ಎಲ್ಲಿಡ್ಲಿ?" ಮೇಜಿನ ತುಂಬ ಪುಸ್ತಕ. ಅವಳು ಫ್ರಿಜ್ಜಿನ ಕಡೆ ಕೈ ತೋರಿಸಿದಳು. ಅವನು ಅದರ ಮೇಲಿಟ್ಟು ಹೋದ. ಕಪ್ಪು ತಗಡಿನ ಆ ಡಬ್ಬಿ ಅಲ್ಲೇ ಉಳಿಯಿತು.

ಅಳು ಬರಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಚರ್ಚಿನ ಹೆಂಗಸರು ಕಾಫಿ, ಏಲಕ್ಕಿ ರೊಟ್ಟಿ ತಂದು ಮನೆ ತುಂಬಿದಾಗಲೂ ಇಲ್ಲ. ನೆರೆಯವರು "ಎಷ್ಟು ಗಟ್ಟಿಗಿತ್ತಿ" ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಮರಗಟ್ಟಿದ್ದಳು, ಅಷ್ಟೇ. ಬೆಳಿಗ್ಗೆ ಏಳುವುದು, ಕಾಫಿ ಮಾಡುವುದು, ಓದುವುದು, ಟೈಪ್ ಮಾಡುವುದು. ಸರೋವರ ಹೆಪ್ಪುಗಟ್ಟಿತು, ಹಡಗುಗಳು ನಿಂತವು. ಒಂದೇ ಒಂದು ವಾರವೂ ಅಂಕಣ ತಪ್ಪಲಿಲ್ಲ. ಡಬ್ಬಿಯನ್ನು ಮಾತ್ರ ತೆಗೆಯಲಿಲ್ಲ. ಅದರೊಳಗೆ ಸ್ಯಾಂಡ್‌ವಿಚ್ ಹಾಗೇ ಇದ್ದರೆ ಅದೇ ಆರ್ವೊನ ಕೊನೆಯ ಮಾತು. ತನ್ನ ಮೇಲಿನ ಕೋಪದಲ್ಲಿ, ಹಸಿದ ಹೊಟ್ಟೆಯಲ್ಲಿ ಹೋದ ಎಂದು ಅರ್ಥ. ಅದೊಂದು ತಿಳಿಯದಿದ್ದರೆ ಸಾಕು ಎಂದು ಅವಳು ಫ್ರಿಜ್ಜಿನ ಬಾಗಿಲನ್ನೂ ತಲೆ ಬಗ್ಗಿಸಿಯೇ ತೆಗೆಯುತ್ತಿದ್ದಳು.

ಮಾರ್ಚಿನಲ್ಲಿ ಒಂದು ಕರಡು ಪ್ರತಿ ಬಂತು. ಪುಸ್ತಕ ಹೊರಬರುವ ಮೊದಲೇ ವಿಮರ್ಶಕರಿಗೆ ಹೀಗೆ ಕಳಿಸುತ್ತಾರೆ, ಬಣ್ಣವಿಲ್ಲದ ರಟ್ಟು, ತಪ್ಪು ತಿದ್ದದ ಪುಟಗಳು. ಬರೆದವಳು ಆಲ್ಬಿನಾ ಸ್ಕ್ರಾಬಾ, ಮೇಲಿನ ಗಣಿ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ಮೊದಲ ಕಾದಂಬರಿ. ಒಂದು ಗಣಿ ಕುಟುಂಬದ ಕಥೆ. ಕೊನೆಗೆ ಗಣಿ ಕುಸಿಯುತ್ತದೆ, ತಾಯಿ ಮಗಳ ಕೈ ಹಿಡಿದು ಗೇಟಿನ ಬಳಿ ಓಡುತ್ತಾಳೆ, ಮೇಲೆ ಬಂದ ಗಂಡಸರನ್ನು ಒಬ್ಬೊಬ್ಬರಾಗಿ ನೋಡುತ್ತಾಳೆ. 'ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.' ಪುಟದ ತುದಿಯಲ್ಲಿ ಆ ವಾಕ್ಯ, ಅದಕ್ಕೊಂದು ಚುಕ್ಕೆ. ಆಮೇಲೆ ರಟ್ಟು.

ಲೆಂಪಿ ಆ ವಾಕ್ಯವನ್ನೇ ಮತ್ತೊಮ್ಮೆ ಓದಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಎದೆಯಲ್ಲಿ ಏನೋ ಮಿಸುಕಿತು. ಒಳಗೆ ಏನಿದೆ ಎಂದು ತೋರಿಸದೆ ಬಾಗಿಲಲ್ಲೇ ನಿಲ್ಲಿಸಿಬಿಟ್ಟಳಲ್ಲ ಪುಣ್ಯಾತ್ಗಿತ್ತಿ! ಟೈಪ್ ಮಾಡಲು ಕೂತವಳು ಒಂದೇ ಉಸಿರಿಗೆ ಮುಗಿಸಿದಳು: 'ಸಾವಿಗೆ ಕೊನೆಯ ಅಧ್ಯಾಯವಿಲ್ಲ. ಈ ಲೇಖಕಿ ನಮಗೆ ಸಮಾಧಾನ ಮಾರುವುದಿಲ್ಲ. ಹೇಳದೆ ನಿಲ್ಲಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ?'

ಆದದ್ದಿಷ್ಟು. ಪುಸ್ತಕ ಕಟ್ಟುವವರು ಹದಿನಾರು ಹದಿನಾರು ಪುಟಗಳ ಮಡಿಕೆಗಳನ್ನು ಜೋಡಿಸಿ ಹೊಲಿಯುತ್ತಾರೆ. ಲೆಂಪಿಗೆ ಬಂದ ಪ್ರತಿಯಲ್ಲಿ ಕೊನೆಯ ಮಡಿಕೆ ಬಿಟ್ಟುಹೋಗಿತ್ತು. ಬೇರೆ ವರ್ಷವಾಗಿದ್ದರೆ ಅವಳಿಗೆ ತಕ್ಷಣ ಮೂಗಿಗೆ ವಾಸನೆ ಬಡಿಯುತ್ತಿತ್ತು, ಫೋನ್ ಎತ್ತುತ್ತಿದ್ದಳು. ಈ ವರ್ಷ ಅವಳಿಗೆ ಹಾಗೇ ನಿಲ್ಲುವುದು ಬೇಕಾಗಿತ್ತು. ಏಪ್ರಿಲ್‌ನಲ್ಲಿ ಅಂದವಾಗಿ ಅಚ್ಚಾದ ಪೂರ್ತಿ ಪುಸ್ತಕವೂ ಅಂಚೆಯಲ್ಲಿ ಬಂತು. ಓದಿಯಾದ ಪುಸ್ತಕವನ್ನು ಯಾವ ವಿಮರ್ಶಕ ಮತ್ತೆ ತೆರೆಯುತ್ತಾನೆ? ರೂಢಿಯಂತೆ ಶುಕ್ರವಾರ ಅದನ್ನು ಬಂದರಿನಲ್ಲಿ ನಾವಿಕರ ಓದಿಗೆಂದು ಇಟ್ಟ ಪುಸ್ತಕದ ಪೆಟ್ಟಿಗೆಗೆ ಹಾಕಿ ಬಂದಳು. ಯಾವುದೋ ಅದಿರು ಹಡಗಿನಲ್ಲಿ ಅದು ಸರೋವರ ದಾಟಿ ಹೋಯಿತು.

ಇನ್ನು ದೊಡ್ಡ ಊರಿನ ವಿಮರ್ಶಕರ ಕಥೆ ಕೇಳಿ. ಅವರ ಪ್ರತಿಗಳಲ್ಲಿ ಕೊನೆಯ ಅಧ್ಯಾಯವಿತ್ತು. ಆದರೆ ಲೆಂಪಿ ವೀಟಲಾ, ಕೊನೆಯ ಚುಕ್ಕೆಯವರೆಗೆ ಓದುವವಳು, ಆ ಅಧ್ಯಾಯವನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂದರೆ ಅದರಲ್ಲೇನೋ ಗಹನ ಇರಬೇಕು! ಒಬ್ಬ 'ಕೊನೆಯ ಅಧ್ಯಾಯ ಬೇಕಿರಲಿಲ್ಲ' ಎಂದ. ಇನ್ನೊಬ್ಬ 'ಕತ್ತರಿಸಬಹುದಿತ್ತು' ಎಂದ. ಓದಿದವರೇ ಹೀಗೆ ಕುರಿಮಂದೆಯಾದರೆ ಯಾರಿಗೆ ಹೇಳುವುದು? ಪುಸ್ತಕವೇನೋ ಚೆನ್ನಾಗಿ ಮಾರಾಟವಾಯಿತು.

ಜೂನ್ ಮೊದಲ ವಾರ, ಬುಧವಾರ ಮಧ್ಯಾಹ್ನ, ಲೆಂಪಿಯ ಮನೆ ಮುಂದೆ ಹಳೆಯ ಪಿಕಪ್ ಗಾಡಿ ನಿಂತಿತು. ಇಳಿದವಳು ಐವತ್ತೈದು ದಾಟಿದ ದಪ್ಪ ಹೆಂಗಸು, ಕೈಯಲ್ಲಿ ಬಟ್ಟೆ ಸುತ್ತಿದ ಪೊಟೀತ್ಸಾ, ಅಕ್ರೋಟು ತುಂಬಿದ ಸುರುಳಿ ರೊಟ್ಟಿ.

"ಮಿಸೆಸ್ ವೀಟಲಾ, ನಾನು ಆಲ್ಬಿನಾ ಸ್ಕ್ರಾಬಾ. ಹೇಳದೆ ಕೇಳದೆ ಬಂದ್ಬಿಟ್ಟೆ, ಬೈಬೇಡಿ. ಫೋನ್‌ನಲ್ಲಿ ಮಾತಾಡೋಕೆ ನಂಗೆ ಧೈರ್ಯ ಸಾಲ್ದು."

ಲೆಂಪಿ ಕಾಫಿ ಬಗ್ಗಿಸಿದಳು. ಆಲ್ಬಿನಾ ಒಂದು ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು. ಪ್ರಕಾಶಕರದ್ದು. ಎರಡನೇ ಮುದ್ರಣದಲ್ಲಿ ಕೊನೆಯ ಅಧ್ಯಾಯ ಬಿಟ್ಟುಬಿಡೋಣ, ಮಿಸೆಸ್ ವೀಟಲಾ ಅರ್ಥ ಮಾಡಿಕೊಂಡ ರೀತಿಯಲ್ಲೇ ಪುಸ್ತಕ ನಿಲ್ಲಲಿ, ಮುಂದಿನ ಬುಧವಾರದೊಳಗೆ ಒಪ್ಪಿಗೆ ಕಳಿಸಿ ಎಂದಿತ್ತು.

"ನೀವು ಓದ್ದೋರು," ಅಂದಳು ಆಲ್ಬಿನಾ. "ನಾನು ಶಾಲೆ ಮಕ್ಕಳಿಗೆ ಆಲೂಗಡ್ಡೆ ಬೇಯಿಸೋಳು. ನೀವು ಬೇಡ ಅಂದ್ರೆ ತೆಗೆದ್ಹಾಕ್ತೀನಿ, ನಂದೇನು ಗಂಟು ಹೋಗೋದು? ಆದ್ರೆ ಅದು ಅಮ್ಮನ ಮಾತು. ಎಂಬತ್ನಾಲ್ಕು ವರ್ಷ ಅವಳಿಗೆ. ಅಪ್ಪ ಗಣೀಲಿ ಹೋದ್ಮೇಲೆ ಐವತ್ತು ವರ್ಷ ಆ ವಿಷಯಕ್ಕೆ ಬಾಯೇ ಬಿಟ್ಟಿರ್ಲಿಲ್ಲ. ನಾನು ಬರೀತೀನಿ ಅಂದ್ಮೇಲೆ ಒಂದಿನ ಕೂತು ಹೇಳಿದ್ಲು. ಈಗ ಅದನ್ನೇ ಕಿತ್ತಾಕ್ತಾರೆ ಅಂತ ಅವಳಿಗೆ ಹೆಂಗೆ ಹೇಳ್ಲಿ? ಡಬ್ಬಿ ಅಧ್ಯಾಯ ಯಾಕೆ ಬೇಡ, ನಿಮ್ಮ ಬಾಯಿಂದ್ಲೇ ಕೇಳಿ ಹೋಗೋಣ ಅಂತ ಬಂದೆ."

"ಡಬ್ಬಿ ಅಧ್ಯಾಯ," ಅಂದಳು ಲೆಂಪಿ.

"ಹೂಂ, ಕೊನೇದು. ಗೇಟಿನ ಹತ್ರ ಶಾಲು ಹೊದ್ಕೊತಾಳಲ್ಲ, ಅದಾದ್ಮೇಲೆ."

ಲೆಂಪಿಗೆ ಅರ್ಥವಾಯಿತು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಈ ಹೆಂಗಸಿನ ಮುಂದೆ 'ನಾನು ಓದಿಲ್ಲ' ಎಂಬ ಎರಡು ಪದ ಹೇಳಿದರೆ ಮುಗಿಯಿತು. ಇಪ್ಪತ್ತಾರು ವರ್ಷದ ಜಂಬ ಆ ಎರಡು ಪದವನ್ನು ಹೊರಬಿಡಲಿಲ್ಲ. "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ," ಅಂದಳು.

"ಮಾಡಿ, ಮಾಡಿ," ಅಂತ ಆಲ್ಬಿನಾ ಎದ್ದಳು. ಏಳುವಾಗ ಅವಳ ಕಣ್ಣು ಫ್ರಿಜ್ಜಿನ ಮೇಲೆ ಹೋಯಿತು. ಏಳು ತಿಂಗಳ ಧೂಳು ಕೂತ ಕಪ್ಪು ಡಬ್ಬಿ, ಹಾಕಿದ ಚಿಲಕ. ಗಣಿ ಊರಿನವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕೈಚೀಲದಿಂದ ತನ್ನ ಪುಸ್ತಕದ ಒಂದು ಪ್ರತಿ ತೆಗೆದು ಪೊಟೀತ್ಸಾದ ಪಕ್ಕದಲ್ಲಿಟ್ಟು ಹೋದಳು.

ಮರುದಿನ ಲೆಂಪಿ ಪತ್ರಿಕೆಯ ಕಚೇರಿಗೆ ಹೋಗಿ ಸಂಪಾದಕ ಹಾಲ್ವರ್ ನೆಸ್‌ಗೆ ಎಲ್ಲ ಹೇಳಿದಳು. ಇಬ್ಬರದೂ ಇಪ್ಪತ್ತು ವರ್ಷದ ಸಲಿಗೆ. ಹಾಲ್ವರ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ತಿದ್ದುಪಡಿ ಹಾಕ್ಬೇಕಾ? ಲೆಂಪಿ, ತಿದ್ದುಪಡಿ ಹಾಕೋದು ಮದುಮಗಳ ಹೆಸರು ತಪ್ಪಾದಾಗ. 'ನಾನು ಪುಸ್ತಕ ಪೂರ್ತಿ ಓದಿಲ್ಲ' ಅಂತ ಯಾರಾದ್ರೂ ಹಾಕ್ತಾರೇನೇ?"

"ನನ್ನ ಪ್ರತೀಲಿ ಇರ್ಲಿಲ್ಲ."

"ಗೊತ್ತಾಗ್ಲಿಲ್ವಾ ಅಂತ ಕೇಳ್ತಾರೆ. ನಿಂಗೆ, ಅದೂ ನಿಂಗೆ! ಬೀದೀಲಿ ಹೋಗೋ ನಾಯಿನೂ ನಗುತ್ತೆ. ಸುಮ್ನೆ ಪ್ರಕಾಶಕರಿಗೊಂದು ಫೋನ್ ಮಾಡು, ಆ ಅಧ್ಯಾಯ ಇದ್ರೂ ಚೆಂದ ಅನ್ನು. ಹಾವೂ ಸಾಯ್ಲಿ, ಕೋಲೂ ಮುರೀದೆ ಇರ್ಲಿ."

ಬುದ್ಧಿವಂತಿಕೆಯ ಮಾತೇ. ಲೆಂಪಿ ತಲೆಯಾಡಿಸಿ ಮನೆಗೆ ಬಂದು ಫೋನ್ ಮಾಡಿದಳು. ಅತ್ತ ಕಡೆಯ ಹುಡುಗಿ ಮಧುರವಾಗಿ ಕೇಳಿದಳು: "ಇದ್ರೂ ಚೆಂದ ಅಂತೀರಿ, ಆದ್ರೆ ನಿಮ್ಮ ವಿಮರ್ಶೇಲಿ ಅದರ ಸುದ್ದಿನೇ ಇಲ್ವಲ್ಲ ಮಿಸೆಸ್ ವೀಟಲಾ? ಆ ಅಧ್ಯಾಯದಲ್ಲಿ ನಿಮಗೆ ಹಿಡಿಸಿದ್ದು ಏನು?" ಓದದ ಅಧ್ಯಾಯದ ಬಗ್ಗೆ ಲೆಂಪಿ ಏನು ಹೇಳಿಯಾಳು? ಮತ್ತೆ ಮಾಡುತ್ತೇನೆಂದು ಫೋನ್ ಇಟ್ಟಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಇಲ್ಲಿ ಹೋದದ್ದು ಹದಿನಾರು ಪುಟಕ್ಕೆ.

ಶುಕ್ರವಾರ ಬೆಳಿಗ್ಗೆ ಪುಸ್ತಕ ಕೈಗೆತ್ತಿಕೊಂಡಳು. ಆ ಹದಿನಾರು ಪುಟ ಓದಲು ಹತ್ತು ಗಂಟೆ ಹಿಡಿಯಿತು ಎಂದರೆ ನಂಬುತ್ತೀರಾ? ಎರಡು ಸಾಲು ಓದುವುದು, ಪಾತ್ರೆ ತೊಳೆಯುವುದು. ಮತ್ತೆರಡು ಸಾಲು, ಕಿಟಕಿ ಒರೆಸುವುದು. ಕಥೆ ಇಷ್ಟೇ. ಗಣಿಯವರು ಸತ್ತವನ ಊಟದ ಡಬ್ಬಿಯನ್ನು ಮನೆಗೆ ತಂದುಕೊಡುತ್ತಾರೆ. ಆ ಮನೆಗಳಲ್ಲಿ ಗಂಡಸು ಡಬ್ಬಿ ಪೂರ್ತಿ ಖಾಲಿ ಮಾಡುವಂತಿಲ್ಲ, ಸಂಜೆ ಬಾಗಿಲಿಗೆ ಓಡಿ ಬರುವ ಮಗುವಿಗೆ ಒಂದು ತುತ್ತು ಉಳಿಸಿ ತರಬೇಕು. ತಾಯಿ ಮೂರು ವಾರ ಡಬ್ಬಿ ಮುಟ್ಟುವುದಿಲ್ಲ. ಒಂದು ದಿನ ಮಗಳೇ ಸ್ಟೂಲು ಹಾಕಿಕೊಂಡು ತೆಗೆಯುತ್ತಾಳೆ. ಒಳಗೆ ರೊಟ್ಟಿಯ ಒಂದು ಮೂಲೆ ಇರುತ್ತದೆ, ಕಲ್ಲಿನಂತೆ ಗಟ್ಟಿಯಾಗಿ. ಸಂಜೆ ಮನೆಗೆ ಹೋಗುತ್ತೇನೆ ಎಂದೇ ಅವನು ಅಂದುಕೊಂಡಿದ್ದ, ಭಯಪಡಲು ಅವನಿಗೆ ಹೊತ್ತೇ ಸಿಕ್ಕಿರಲಿಲ್ಲ ಎಂದು ತಾಯಿಗೆ ತಿಳಿಯುವುದು ಆಗ. ಮಗು ಅದನ್ನು ಕಾಫಿಯಲ್ಲಿ ನೆನೆಸಿ ತಿನ್ನುತ್ತದೆ, ತಾಯಿ ನೋಡುತ್ತ ಕೂರುತ್ತಾಳೆ.

ಇದಿಲ್ಲದೆ ಆ ಪುಸ್ತಕವೇ ಇಲ್ಲ. ಹಿಂದಿನ ಮುನ್ನೂರು ಪುಟವೂ ನಡೆದು ಬಂದದ್ದು ಈ ಡಬ್ಬಿಯ ಹತ್ತಿರಕ್ಕೆ. ಅಂಥದ್ದನ್ನು ಕಿತ್ತುಹಾಕಲು ತಾನು ಕಾರಣಳಾದೆ ಎಂದು ಲೆಂಪಿಗೆ ನಾಚಿಕೆಯಾಯಿತು. ನಾಚಿಕೆಯೂ ದೂರದಲ್ಲಿ ಎಲ್ಲೋ ಆಯಿತು, ಬೇರೆ ಯಾರಿಗೋ ಆದ ಹಾಗೆ. ಕೂತು ಟೈಪ್ ಮಾಡಿದಳು, ಎದ್ದು ಕಚೇರಿಗೆ ನಡೆದಳು. ಹಾಲ್ವರ್ ಓದಿ, "ಇದು ನಿನ್ನ ಕುತ್ತಿಗೆ, ಕುಡುಗೋಲೂ ನಿಂದೇ," ಅಂದ. ಆದರೂ ಹಾಕಿದ.

ಭಾನುವಾರ ಎರಡನೇ ಪುಟದ ಮೂಲೆಯಲ್ಲಿ ಬಂತು:

'ಮಾರ್ಚಿನಲ್ಲಿ ಆಲ್ಬಿನಾ ಸ್ಕ್ರಾಬಾ ಅವರ ಕಾದಂಬರಿಯ ಬಗ್ಗೆ ಬರೆದಾಗ ನನ್ನ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ. ನಾನು ಗಮನಿಸಲಿಲ್ಲ, ಗಮನಿಸಲು ಇಷ್ಟವೂ ಇರಲಿಲ್ಲ. ಲೇಖಕಿಯ ಧೈರ್ಯ ಎಂದು ನಾನು ಹೊಗಳಿದ್ದು ನನ್ನದೇ ಹೇಡಿತನವನ್ನು. ಈಗ ಕೊನೆಯ ಚುಕ್ಕೆಯವರೆಗೆ ಓದಿದ್ದೇನೆ. ಆ ಪುಟಗಳನ್ನು ತೆಗೆದರೆ ಪುಸ್ತಕವನ್ನೇ ತೆಗೆದಂತೆ. ಲೆಂಪಿ ವೀಟಲಾ.'

ಆಮೇಲೆ ನಗಬೇಕಾದವರೆಲ್ಲ ನಕ್ಕರು. ಒಬ್ಬ ಪುಣ್ಯಾತ್ಮ ಕೊನೆಯ ಪುಟ ಹರಿದ ಪುಸ್ತಕವೊಂದನ್ನು ಅಂಚೆಯಲ್ಲಿ ಕಳಿಸಿ 'ನಿಮ್ಮ ಅನುಕೂಲಕ್ಕೆ' ಎಂದು ಚೀಟಿ ಇಟ್ಟಿದ್ದ. ಮುಂದಿನ ಜನವರಿಯಿಂದ ಅಂಕಣದ ಕೆಳಗಿನ ಸಾಲು ಬರುವುದು ನಿಂತಿತು. ಪ್ರಕಾಶಕರು ಅಧ್ಯಾಯವನ್ನು ಉಳಿಸಿಕೊಂಡರು. ಅದೆಲ್ಲ ನಂತರದ ಮಾತು. ಆ ಭಾನುವಾರವೇ ಚರ್ಚು ಬಿಟ್ಟ ಹೊತ್ತಿಗೆ ಲೆಂಪಿಯ ಫೋನ್ ಹೊಡೆದುಕೊಂಡಿತು.

"ಮಿಸೆಸ್ ವೀಟಲಾ, ಆಲ್ಬಿನಾ. ಅಮ್ಮನಿಗೆ ಎರಡು ಸಲ ಓದಿ ಹೇಳ್ದೆ. ಇಲ್ಲೇ ಪಕ್ಕದಲ್ಲೇ ಕೂತಿದಾಳೆ. ಒಂದು ಮಾತು ಕೇಳು ಕೇಳು ಅಂತ ಪ್ರಾಣ ತಿಂತಿದಾಳೆ."

"ಕೇಳಿ."

"ನಿಮ್ಮ ಫ್ರಿಜ್ ಮೇಲೊಂದು ಡಬ್ಬಿ ಇದೆ ಅಂತ ನಾನೇ ಅವಳಿಗೆ ಹೇಳಿದ್ದೆ, ತಪ್ಪು ತಿಳ್ಕೋಬೇಡಿ. ತೆಗೆದ್ಲಾ ಅಂತ ಕೇಳ್ತಿದಾಳೆ."

ಲೆಂಪಿ ಗೋಡೆಗೆ ಒರಗಿದಳು. "ಇಲ್ಲ," ಅಂದಳು. ಆಮೇಲೆ, ಏಳು ತಿಂಗಳಲ್ಲಿ ಯಾರಿಗೂ ಹೇಳದ್ದನ್ನು, ಮುಖ ಕಾಣದ ಮುದುಕಿಗೆ ಕೇಳಲಿ ಎಂಬಂತೆ ಹೇಳಿದಳು: "ಕೋಪ ಬಂದ ದಿನ ಅವನು ಉಣ್ತಿರ್ಲಿಲ್ಲ. ಆವತ್ತು ಬೆಳಿಗ್ಗೆ ನಾನು ಅವನಿಗೆ ಕೆಟ್ಟ ಮಾತಾಡಿದ್ದೆ. ತಲೆ ಎತ್ತಿ ಮುಖಾನೂ ನೋಡ್ಲಿಲ್ಲ."

ಆಲ್ಬಿನಾ ಅದನ್ನು ತಮ್ಮ ಸ್ಲೊವೇನಿಯನ್ ಮಾತಿನಲ್ಲಿ ತಾಯಿಗೆ ಹೇಳಿದ್ದು ಕೇಳಿಸಿತು. ಮುದುಕಿ ಏನೋ ಗದರಿದಳು.

"ಫೋನ್ ಇಡ್ಬೇಡ, ಹೋಗಿ ತೆಗಿ ಅಂತಿದಾಳೆ. ನಾವು ಕಾಯ್ತೀವಂತೆ."

ಲೆಂಪಿ ಫೋನನ್ನು ಮೇಜಿನ ಮೇಲಿನ ಪುಸ್ತಕಗಳ ಮೇಲೆ ಮಲಗಿಸಿದಳು. ಕುರ್ಚಿ ಎಳೆದು ಹತ್ತಿದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಇಳಿಸಿ, ಸೆರಗಿಲ್ಲದ ಊರಲ್ಲವೇ, ಏಪ್ರನ್ನಿನ ತುದಿಯಿಂದ ಧೂಳು ಒರೆಸಿದಳು. ಚಿಲಕ ತುಕ್ಕು ಹಿಡಿದಿತ್ತು, ಎರಡು ಸಲ ಒತ್ತಬೇಕಾಯಿತು.

ಫ್ಲಾಸ್ಕ್ ಹಗುರವಾಗಿತ್ತು. ಸುಕ್ಕುಗಟ್ಟಿದ ಸೇಬಿನ ದಿಂಡು ಒಂದಿತ್ತು. ಸ್ಯಾಂಡ್‌ವಿಚ್ ಇರಲಿಲ್ಲ. ಮೇಣದ ಕಾಗದ ಇತ್ತು, ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ, ಮರುದಿನಕ್ಕೆಂದು ಎತ್ತಿಟ್ಟದ್ದು.

ಅವಳು ಫೋನ್ ಎತ್ತಿಕೊಂಡಳು. "ಉಂಡಿದಾನೆ," ಅಂದಳು.

ಅತ್ತ ಆಲ್ಬಿನಾ ತಾಯಿಗೆ ಹೇಳಿದಳು. ಮುದುಕಿ ಈ ಸಲ ಗದರಲಿಲ್ಲ, ಮೆಲ್ಲಗೆ ಏನೋ ಅಂದಳು.

"ಏನಂತೆ?" ಎಂದು ಕೇಳಿದಳು ಲೆಂಪಿ.

"ಹಾಗಾದ್ರೆ ಇನ್ನು ಅಳೋಕೆ ಹೇಳು ಅಂತಿದಾಳೆ."

ಲೆಂಪಿ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಅವಳು ಮುಗಿಸುವವರೆಗೂ ಅವರಿಬ್ಬರೂ ಫೋನ್ ಇಡಲಿಲ್ಲ.